ತೂತಿರುವ ಪ್ಲೇಟು, ಬಿರುಕು ಬಿಟ್ಟ ಪ್ಲೇಟು: ಸ್ಟ್ರೆಸ್ ಲೆಕ್ಕಕ್ಕೆ ಯಾವ ದಾರಿ ಹಿಡಿಯೋದು?

ಪ್ರಾಜೆಕ್ಟ್ ಸೀಸನ್ ಶುರುವಾದರೆ ಸಾಕು, ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಹುಡುಗರದ್ದು ಒಂದೇ ಪ್ರಶ್ನೆ: ಅನ್ಸಿಸ್ ಕಲಿಯಲಾ, ಅಬಾಕಸ್ ಕಲಿಯಲಾ, ಇಲ್ಲಾ ಫ್ರೀ ಸಾಫ್ಟ್‌ವೇರ್ ಸಾಕಾ? ಗೋಕುಲ ರೋಡ್, ತಾರಿಹಾಳ ಕಡೆಯ ವರ್ಕ್‌ಶಾಪಿನವರು ಇನ್ನೂ ನೇರವಾಗಿ ಕೇಳುತ್ತಾರೆ: "ಈ ಪ್ಲೇಟಿಗೆ ಇನ್ನೊಂದು ತೂತು ಹೊಡೆದರ ತಡೀತೈತೇನ್ರೀ?" ಹಾವೇರಿ ಕಡೆ ಟ್ರ್ಯಾಕ್ಟರ್ ಟ್ರೇಲರ್ ಮಾಡುವವರ ಚಿಂತೆ ಬೇರೆ. ಹಿಚ್ ಪ್ಲೇಟಿನಲ್ಲಿ (ಟ್ರೇಲರನ್ನು ಟ್ರ್ಯಾಕ್ಟರಿಗೆ ಜೋಡಿಸುವ ಪ್ಲೇಟು) ಬಿರುಕು ಕಂಡಿದೆ, ವೆಲ್ಡ್ ಮಾಡಿ ಬಿಡಲಾ, ಲೆಕ್ಕ ಹಾಕಿಸಲಾ?

ಮೂವರಿಗೂ ನಾನು ಹೇಳುವುದು ಒಂದೇ. ಸಾಫ್ಟ್‌ವೇರ್ ಹೆಸರು ಆಮೇಲೆ ನೋಡೋಣ, ಕೊನೆಗೆ ನಿಮಗೆ ಯಾವ ನಂಬರು ಬೇಕು ಅನ್ನುವುದನ್ನು ಮೊದಲು ತೀರ್ಮಾನ ಮಾಡಿ. ತೂತಿಗೆ ಬೇಕಾದ ನಂಬರೇ ಬೇರೆ, ಬಿರುಕಿಗೆ ಬೇಕಾದ ನಂಬರೇ ಬೇರೆ. ಎರಡನ್ನೂ ಕಲಸಿಕೊಂಡರೆ ಎಷ್ಟೇ ದುಬಾರಿ ಸಾಫ್ಟ್‌ವೇರ್ ಇದ್ದರೂ ತಪ್ಪು ಉತ್ತರವೇ ಚಂದದ ಬಣ್ಣದಲ್ಲಿ ಪ್ರಿಂಟ್ ಆಗಿ ಬರುತ್ತದೆ.

ಯಾವುದರ ಮೇಲೆ ತೂಗಿ ನೋಡಬೇಕು

ಮೊದಲನೆಯದು ಈಗ ಹೇಳಿದ್ದೇ: ಬೇಕಾಗಿರುವುದು ಅಂಚಿನ ಗರಿಷ್ಠ ಸ್ಟ್ರೆಸ್ಸಾ (ಇಷ್ಟು ಜಾಗದ ಮೇಲೆ ಇಷ್ಟು ಬಲ ಅನ್ನುವ ಲೆಕ್ಕ), ಬಿರುಕಿನ ತುದಿಯ ಸ್ಟ್ರೆಸ್ ಇಂಟೆನ್ಸಿಟಿಯಾ (ಎಲ್ಲರೂ ಕೆ ಅಂತ ಕರೆಯುವುದು), ಅಥವಾ ಬಿರುಕು ಯಾವ ಕಡೆ, ಎಷ್ಟು ಬೇಗ ಬೆಳೆಯುತ್ತದೆ ಅನ್ನುವುದಾ? ಎರಡನೆಯದು ಆಕಾರ. ದುಂಡನೆಯ ಒಂದು ತೂತು, ನೇರ ಎಳೆತ ಅಂದರೆ ಪುಸ್ತಕದ ಸೂತ್ರವೇ ಇದೆ. ನಾಲ್ಕು ತೂತು, ಒಂದು ಸ್ಲಾಟ್, ಪಕ್ಕದಲ್ಲೊಂದು ವೆಲ್ಡ್ ಅಂದರೆ ಇಲ್ಲ. ಮೂರನೆಯದು ಲೋಡು: ಒಂದೇ ಸಲ ಬರುವುದಾ, ದಿನವಿಡೀ ಕುಲುಕುವುದಾ? ನಾಲ್ಕನೆಯದು ದುಡ್ಡು ಮತ್ತು ಸಮಯ. ಐದನೆಯದನ್ನು ಎಲ್ಲರೂ ಮರೆಯುತ್ತಾರೆ. ಬಂದ ಉತ್ತರ ಸರಿ ಇದೆಯಾ ಅಂತ ಬೇರೆ ದಾರಿಯಿಂದ ನೋಡಲು ಆಗುತ್ತದಾ? ಹಾಗೆ ನೋಡಲಾಗದ ವಿಧಾನವನ್ನು ಸುಲಭ ಅನ್ನುವ ಕಾರಣಕ್ಕೆ ಆರಿಸಬೇಡಿ.

ಮಾತು ಗಾಳಿಯಲ್ಲಿ ಹೋಗದಿರಲಿ ಅಂತ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. 100 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಪ್ಲೇಟು. ನಮ್ಮ ಕಡೆ ಎಲ್ಲ ಅಂಗಡಿಯಲ್ಲೂ ಸಿಗುವ ಐಎಸ್ 2062 ಇ250 ಮೈಲ್ಡ್ ಸ್ಟೀಲು, ಯೀಲ್ಡ್ (ಸ್ಟೀಲು ಶಾಶ್ವತವಾಗಿ ಹಿಗ್ಗಲು ಶುರುವಾಗುವ ಸ್ಟ್ರೆಸ್) 250 ಎಂಪಿಎ, ಒಂದು ಎಂಪಿಎ ಅಂದರೆ ಚದರ ಮಿ.ಮೀ.ಗೆ ಒಂದು ನ್ಯೂಟನ್. ಎಳೆಯುವ ಲೋಡು 60 ಕಿಲೋನ್ಯೂಟನ್, ಅಂದರೆ ಸುಮಾರು ಆರು ಟನ್. ತೂತು ಬಿರುಕು ಏನೂ ಇಲ್ಲದಿದ್ದರೆ ಸ್ಟ್ರೆಸ್ 60 ಎಂಪಿಎ.

ಕೈಲೆಕ್ಕ: ಖರ್ಚಿಲ್ಲದ ದಾರಿ

1898ರಲ್ಲಿ ಜರ್ಮನಿಯ ಕಿರ್ಶ್ ತೋರಿಸಿಕೊಟ್ಟದ್ದು ಇವತ್ತಿಗೂ ಮೊದಲ ಮೆಟ್ಟಿಲು. ತುಂಬಾ ಅಗಲವಾದ ಪ್ಲೇಟಿನಲ್ಲಿ ಸಣ್ಣ ದುಂಡು ತೂತಿದ್ದರೆ, ಎಳೆತಕ್ಕೆ ಅಡ್ಡಲಾಗಿರುವ ಎರಡು ಅಂಚಿನಲ್ಲಿ ಸ್ಟ್ರೆಸ್ ಮೂರು ಪಟ್ಟು. ಎಳೆತದ ದಿಕ್ಕಿನಲ್ಲಿರುವ ಅಂಚಿನಲ್ಲಿ ಒಂದೇ ಪಟ್ಟು, ಅದೂ ಒತ್ತುವ ಜಾತಿಯದು. ಉದ್ದಕ್ಕೂ ಅಡ್ಡಕ್ಕೂ ಸಮವಾಗಿ ಎಳೆದರೆ ಮೂರು ಇಳಿದು ಎರಡಾಗುತ್ತದೆ, ಬರೀ ಶಿಯರ್ (ಪಕ್ಕಕ್ಕೆ ಜಾರಿಸುವ ಬಲ) ಇದ್ದರೆ ನಾಲ್ಕಕ್ಕೆ ಏರುತ್ತದೆ. ತೂತಿನ ಸೈಜು ಈ ಲೆಕ್ಕದಲ್ಲಿ ಬರುವುದೇ ಇಲ್ಲ ನೋಡಿ. 5 ಮಿ.ಮೀ. ತೂತಿಗೂ 50 ಮಿ.ಮೀ. ತೂತಿಗೂ ಮೂರೇ. ಹೊಸಬರಿಗೆ ಇದು ನಂಬಲು ಕಷ್ಟ.

ನಮ್ಮ ಪ್ಲೇಟು ಅಷ್ಟು ಅಗಲ ಇಲ್ಲ. 20 ಮಿ.ಮೀ. ತೂತು ಹೊಡೆದರೆ ಉಳಿದ ಜಾಗ 80 ಮಿ.ಮೀ., ಅಲ್ಲಿ ಸರಾಸರಿ ಸ್ಟ್ರೆಸ್ 75. ಇದನ್ನು ಎಷ್ಟರಿಂದ ಗುಣಿಸಬೇಕು ಅನ್ನಲು ಒಂದು ಸುಲಭ ಸೂತ್ರ ಇದೆ: ತೂತಿನ ವ್ಯಾಸವನ್ನು ಅಗಲದಿಂದ ಭಾಗಿಸಿ, ಅದನ್ನು 1ರಿಂದ ಕಳೆದು, ಬಂದದ್ದರ ಘನ ಮಾಡಿ, 2 ಕೂಡಿಸಿ. ಇಲ್ಲಿ ಬರುವುದು 2.51. ಅಂಚಿನ ಸ್ಟ್ರೆಸ್ ಸುಮಾರು 188 ಎಂಪಿಎ. ಯೀಲ್ಡ್ 250 ಇರುವುದರಿಂದ ಒಂದೇ ಸಲದ ಲೋಡಿಗೆ ಪ್ಲೇಟು ತಡೆಯುತ್ತದೆ. ಐದು ನಿಮಿಷದ ಕೆಲಸ. ಇಷ್ಟಕ್ಕೆ ಲೈಸೆನ್ಸ್ ಸಾಫ್ಟ್‌ವೇರ್ ಹುಡುಕಿಕೊಂಡು ಹೋಗುವುದು ಒಂದು ಚೀಲ ಮೆಣಸಿನಕಾಯಿ ಬ್ಯಾಡಗಿಗೆ ಒಯ್ಯಲು ಲಾರಿ ಹಿಡಿದ ಹಾಗೆ.

ತೂತು ದುಂಡಾಗಿರದೆ ಉದ್ದುದ್ದ ಇದ್ದರೆ 1913ರ ಇಂಗ್ಲಿಸ್ ಲೆಕ್ಕ: ಅರೆ ಉದ್ದವನ್ನು ತುದಿಯ ರೇಡಿಯಸ್‌ನಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ, ಒಂದು ಕೂಡಿಸಿ. ತುದಿ ಚೂಪಾದಷ್ಟೂ ನಂಬರು ಏರುತ್ತದೆ. ರೇಡಿಯಸ್ ಸೊನ್ನೆಯಾದರೆ ಉತ್ತರ ಅನಂತ. ಇಲ್ಲಿಂದಲೇ ಬಿರುಕಿನ ತಾಪತ್ರಯ ಶುರು.

ಬಿರುಕಿನ ತುದಿಯಲ್ಲಿ ಸ್ಟ್ರೆಸ್ ಎಷ್ಟು ಅಂತ ಕೇಳಿದರೆ ಅದಕ್ಕೆ ಅರ್ಥವಿರುವ ಉತ್ತರವೇ ಇಲ್ಲ. ಅದಕ್ಕೇ 1957ರಲ್ಲಿ ಇರ್ವಿನ್ ಪ್ರಶ್ನೆಯನ್ನೇ ಬದಲಿಸಿದರು. ತುದಿಯ ಹತ್ತಿರ ಹೋದಂತೆ ಸ್ಟ್ರೆಸ್ ಎಷ್ಟು ಜೋರಾಗಿ ಏರುತ್ತದೆ ಅನ್ನುವುದನ್ನು ಹೇಳುವ ನಂಬರೇ ಕೆ. ಪ್ಲೇಟಿನ ನಡುವೆ 20 ಮಿ.ಮೀ. ಬಿರುಕು ಅಡ್ಡಲಾಗಿ ಇದ್ದರೆ, ಕೆ ಅಂದರೆ 60 ಗುಣಿಸು √(ಪೈ × 0.01), ಇಲ್ಲಿ 0.01 ಅಂದರೆ ಮೀಟರಿನಲ್ಲಿ ಬಿರುಕಿನ ಅರೆ ಉದ್ದ, ಸುಮಾರು 10.6 ಎಂಪಿಎ ರೂಟ್ ಮೀಟರ್. ಪ್ಲೇಟಿನ ಅಗಲದ ತಿದ್ದುಪಡಿ ಸೇರಿಸಿದರೆ 10.9. ಮೈಲ್ಡ್ ಸ್ಟೀಲಿನ ಟಫ್‌ನೆಸ್ (ಬಿರುಕು ಒಮ್ಮೆಗೇ ಓಡದಂತೆ ಸ್ಟೀಲು ತಡೆಯುವ ಕೆ) ಇದಕ್ಕಿಂತ ಬಹಳ ಜಾಸ್ತಿ, ಹಾಗಾಗಿ ಒಂದೇ ಎಳೆತಕ್ಕೆ ಪ್ಲೇಟು ಎರಡು ತುಂಡಾಗುವುದಿಲ್ಲ. ಆದರೆ ಲೋಡು ಬಂದು ಹೋಗಿ ಮಾಡುತ್ತಿದ್ದರೆ ಈ ಕೆ ಸಾಕು, ಬಿರುಕು ನಿಧಾನಕ್ಕೆ ಬೆಳೆಯುತ್ತಲೇ ಇರುತ್ತದೆ. ಪ್ಯಾರಿಸ್ ನಿಯಮದ ಪ್ರಕಾರ ಸ್ಟೀಲಿನಲ್ಲಿ ಬೆಳೆಯುವ ವೇಗ ಸುಮಾರಾಗಿ ಕೆ ಏರಿಳಿತದ ಘನದ ಜೊತೆ ಏರುತ್ತದೆ. ಕೆ ಎರಡು ಪಟ್ಟಾದರೆ ವೇಗ ಎಂಟು ಪಟ್ಟು.

ಈಗ ತೂತು ಮತ್ತು ಬಿರುಕು ಎರಡೂ ಸೇರಿದ ಕೇಸು. ನಿಜ ಜೀವನದಲ್ಲಿ ಜಾಸ್ತಿ ಕಾಣುವುದು ಇದೇ. 20 ಮಿ.ಮೀ. ತೂತಿನ ಎರಡೂ ಬದಿಗೆ ಬರೀ 1 ಮಿ.ಮೀ. ಬಿರುಕು ಇದೆ ಅಂದುಕೊಳ್ಳಿ. 1956ರ ಬೋವಿ ಲೆಕ್ಕದ ಗುಣಕ ಇಲ್ಲಿ 2.73, ಕೆ ಬರುವುದು 9.2. ಅದೇ ತೂತನ್ನೂ ಸೇರಿಸಿ ಇಡೀ 22 ಮಿ.ಮೀ.ಯನ್ನು ಒಂದೇ ಬಿರುಕು ಅಂತ ಹಿಡಿದರೆ 11.2. (ಎರಡೂ ಅಗಲದ ತಿದ್ದುಪಡಿ ಇಲ್ಲದ ನಂಬರು.) ಅಂದರೆ ಕಣ್ಣಿಗೆ ಸರಿಯಾಗಿ ಕಾಣದ ಒಂದು ಮಿಲಿಮೀಟರ್ ಬಿರುಕು, ತೂತಿನ ಬೆಂಬಲ ಸಿಕ್ಕಿದ್ದಕ್ಕೆ, 22 ಮಿ.ಮೀ. ಬಿರುಕಿನ ಶೇಕಡಾ 80ಕ್ಕಿಂತ ಜಾಸ್ತಿ ಕೆಟ್ಟ ಕೆಲಸ ಮಾಡುತ್ತಿದೆ. "ಸಣ್ಣ ಗೀರು, ಬಿಡ್ರಿ" ಅನ್ನುವವರಿಗೆ ಈ ಎರಡು ನಂಬರು ತೋರಿಸಿ ಸಾಕು. ಇದನ್ನೂ ಕೈಲೆಕ್ಕದಲ್ಲೇ ತೆಗೆದದ್ದು, ಸಾಫ್ಟ್‌ವೇರ್ ಮುಟ್ಟಿಲ್ಲ.

ಕೈಲೆಕ್ಕ ಎಲ್ಲಿ ಕೈಕೊಡುತ್ತದೆ? ತೂತುಗಳು ಹತ್ತಿರ ಹತ್ತಿರ ಇದ್ದಾಗ, ಅಂಚಿಗೆ ತಾಗಿದಾಗ, ಪ್ಲೇಟು ಬಾಗುವಾಗ. ಮುಖ್ಯವಾಗಿ, ತೂತಿನೊಳಗೆ ಬೋಲ್ಟ್ ಕೂತು ಅದೇ ಲೋಡು ಎಳೆಯುವಾಗ. ಮೇಲಿನ ಲೆಕ್ಕ ಖಾಲಿ ತೂತಿನದು. ಬೋಲ್ಟ್ ತೂತಿಗೆ ಅದನ್ನೇ ಹಚ್ಚಿದರೆ ಸ್ಟ್ರೆಸ್ ಕಡಿಮೆ ತೋರಿಸಿ ಮೋಸ ಮಾಡುತ್ತದೆ.

ಸಾಮಾನ್ಯ ಎಫ್‌ಇಎಂ: ತೂತಿಗೆ ರಾಜ, ಬಿರುಕಿಗೆ ಅಪಾಯ

ಆಕಾರ ಜಟಿಲ ಆಯಿತು ಅಂದರೆ ಫೈನೈಟ್ ಎಲಿಮೆಂಟ್‌ಗೆ (ಎಫ್‌ಇಎಂ) ಬನ್ನಿ: ಪ್ಲೇಟನ್ನು ಸಣ್ಣ ಸಣ್ಣ ತುಂಡು (ಎಲಿಮೆಂಟ್) ಮಾಡಿ, ನೋಡು ಅನ್ನುವ ಬಿಂದುಗಳಲ್ಲಿ ಜೋಡಿಸಿ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಆ ತುಂಡುಗಳ ಬಲೆಯೇ ಮೆಶ್. ತೂತಿನ ಮಟ್ಟಿಗೆ ಇದರಷ್ಟು ನಿಯತ್ತಿನ ಕೆಲಸಗಾರ ಇಲ್ಲ. ಮೆಶ್ ಸಣ್ಣ ಮಾಡುತ್ತಾ ಹೋದ ಹಾಗೆ ಉತ್ತರ ಒಂದು ನಂಬರಿಗೆ ಬಂದು ನಿಲ್ಲುತ್ತದೆ. ನಮ್ಮ ಪ್ಲೇಟಿಗಾದರೆ 188ರ ಹತ್ತಿರ.

ಎರಡು ಕಡೆ ಸಮಾನ ಇರುವ ಪ್ಲೇಟನ್ನು ಪೂರ್ತಿ ಮಾಡೆಲ್ ಮಾಡಬೇಡಿ, ಕಾಲು ಭಾಗ ಸಾಕು. ಮೂರು ನೋಡಿನ ತ್ರಿಕೋನ ಎಲಿಮೆಂಟ್ ಬಿಟ್ಟುಬಿಡಿ. ಅದರೊಳಗೆ ಸ್ಟ್ರೆಸ್ ಎಲ್ಲೆಲ್ಲೂ ಒಂದೇ, ತೂತಿನ ಅಂಚಿನ ಏರಿಕೆಯನ್ನು ಹಿಡಿಯಲು ರಾಶಿ ರಾಶಿ ಎಲಿಮೆಂಟ್ ಸುರಿಯಬೇಕಾಗುತ್ತದೆ. ಎಂಟು ನೋಡಿನ ಚೌಕ ಎಲಿಮೆಂಟ್ ಆದರೆ ಕಾಲು ತೂತಿನ ಅಂಚಿಗೆ ಹತ್ತು ಹನ್ನೆರಡು ಇಟ್ಟರೂ ಕೈಲೆಕ್ಕಕ್ಕೆ ತೀರಾ ಹತ್ತಿರ ಬರುತ್ತದೆ. ಆಮೇಲೆ, ಪ್ಲೇಟಿನ ತುದಿಯ ನೋಡುಗಳನ್ನೆಲ್ಲ ಎಲ್ಲ ದಿಕ್ಕಿಗೂ ಫಿಕ್ಸ್ ಮಾಡುವ ಅಭ್ಯಾಸ ಬಹಳ ಜನಕ್ಕಿದೆ. ಆಗ ಮೂಲೆಯಲ್ಲಿ ಸುಳ್ಳು ಕೆಂಪು ಬಣ್ಣ ಕಾಣುತ್ತದೆ, ಹುಡುಗರು ಅದನ್ನೇ ಗರಿಷ್ಠ ಸ್ಟ್ರೆಸ್ ಅಂತ ರಿಪೋರ್ಟಿನಲ್ಲಿ ಬರೆಯುತ್ತಾರೆ. ತೂತು ಎಲ್ಲೋ, ಕೆಂಪು ಎಲ್ಲೋ!

ಇದೇ ಮಾಡೆಲ್‌ನಲ್ಲಿ ತೂತಿನ ಬದಲು ಬಿರುಕು ಇಟ್ಟು ನೋಡಿ. ತುದಿಯಲ್ಲಿ 300 ಎಂಪಿಎ ಬಂತು ಅನ್ನಿ. ತುದಿಯ ಎಲಿಮೆಂಟ್ ಅರ್ಧ ಮಾಡಿದರೆ ಹತ್ತಿರ ಹತ್ತಿರ 425. ಮತ್ತೆ ಅರ್ಧ ಮಾಡಿದರೆ 600. ಪ್ರತಿ ಸಲ ಸುಮಾರು 1.4 ಪಟ್ಟು, ಎರಡರ ವರ್ಗಮೂಲ. ಇದು ಸಾಫ್ಟ್‌ವೇರಿನ ದೋಷ ಅಲ್ಲ. ತುದಿಯಿಂದ ದೂರದ ವರ್ಗಮೂಲಕ್ಕೆ ತಿರುಗುಮುರುಗಾಗಿ ಸ್ಟ್ರೆಸ್ ಏರುತ್ತದೆ ಅನ್ನುವ ಥಿಯರಿಯೇ ಹಾಗೆ ಕಾಣಿಸಿಕೊಳ್ಳುತ್ತಿದೆ. ಇಲ್ಲಿ ಬರುವ ಸ್ಟ್ರೆಸ್ ನಿಮ್ಮ ಮೆಶ್‌ನ ಸೈಜನ್ನು ಹೇಳುತ್ತದೆಯೇ ಹೊರತು ಪ್ಲೇಟಿನ ಬಗ್ಗೆ ಏನೂ ಹೇಳುವುದಿಲ್ಲ. ಬಿರುಕಿನ ತುದಿಯ ವಾನ್ ಮಿಸೆಸ್ ಸ್ಟ್ರೆಸ್ಸನ್ನು (ಎಲ್ಲ ದಿಕ್ಕಿನ ಸ್ಟ್ರೆಸ್ ಸೇರಿಸಿ ತೆಗೆದ ಒಂದೇ ನಂಬರು) ಯೀಲ್ಡ್ ಜೊತೆ ಹೋಲಿಸಿದ ರಿಪೋರ್ಟ್ ಕಂಡರೆ ಮುಂದಿನ ಪುಟ ಓದುವ ಅಗತ್ಯ ಇಲ್ಲ.

ಬಿರುಕಿಗೆ ಎಫ್‌ಇಎಂ ಬಳಸುವುದಾದರೆ

ಮೂರು ಉಪಾಯ ಇವೆ.

ಒಂದು, ಕ್ವಾರ್ಟರ್ ಪಾಯಿಂಟ್ ಎಲಿಮೆಂಟ್. ಎಂಟು ನೋಡಿನ ಎಲಿಮೆಂಟಿನ ಒಂದು ಬದಿಯನ್ನು ಬಿರುಕಿನ ತುದಿಗೆ ಕುಗ್ಗಿಸಿ, ನಡುವಿನ ನೋಡನ್ನು ತುದಿಯ ಕಡೆಗೆ ಕಾಲು ಭಾಗಕ್ಕೆ ಸರಿಸಿದರೆ, ಆ ಎಲಿಮೆಂಟಿಗೆ ತಾನಾಗೇ ವರ್ಗಮೂಲದ ಏರಿಕೆ ಬಂದುಬಿಡುತ್ತದೆ. 1975-76ರಲ್ಲಿ ಹೆನ್ಶೆಲ್ ಮತ್ತು ಶಾ ಒಂದು ಕಡೆ, ಬಾರ್ಸೂಮ್ ಇನ್ನೊಂದು ಕಡೆ ಇದನ್ನು ಕಂಡುಕೊಂಡರು. ಒಂದು ನೋಡು ಸರಿಸಿದ್ದಕ್ಕೆ ಇಷ್ಟು ಲಾಭ ಸಿಗುವುದು ಎಫ್‌ಇಎಂನಲ್ಲಿ ಬೇರೆಲ್ಲೂ ನಾನು ಕಂಡಿಲ್ಲ. ಅನ್ಸಿಸ್, ಅಬಾಕಸ್ ಎರಡರಲ್ಲೂ ಇದಕ್ಕೆ ತಯಾರಿ ಸವಲತ್ತು ಇದೆ.

ಎರಡು, ರೈಸ್ 1968ರಲ್ಲಿ ಕೊಟ್ಟ ಜೆ-ಇಂಟಿಗ್ರಲ್. ತುದಿಯ ಸುತ್ತ ಒಂದು ದಾರಿ (ಕಾಂಟೂರ್) ಹಾಕಿಕೊಂಡು ಅದರ ಮೇಲೆ ಲೆಕ್ಕ ತೆಗೆಯುವುದು, ಅದರಿಂದ ಕೆ ಸಿಗುತ್ತದೆ. ದಾರಿ ಯಾವುದಾದರೂ ಉತ್ತರ ಒಂದೇ ಬರಬೇಕು, ಹಾಗಾಗಿ ಪರೀಕ್ಷೆ ಅದರೊಳಗೇ ಇದೆ: ನಾಲ್ಕೈದು ಕಾಂಟೂರ್ ಕೇಳಿ, ಮೊದಲನೆಯದನ್ನು ಬಿಡಿ, ಉಳಿದವು ಹೊಂದಿಕೊಂಡರೆ ನಂಬಿ. ಮೆಶ್ ಸ್ವಲ್ಪ ಒರಟಾಗಿದ್ದರೂ ತಡೆದುಕೊಳ್ಳುತ್ತದೆ. ಸಾಫ್ಟ್‌ವೇರ್ ಇದ್ದವರಿಗೆ ನನ್ನ ಆಯ್ಕೆ ಇದೇ.

ಮೂರನೆಯದು ಬಡವರ ದಾರಿ, ನನಗೆ ಬಹಳ ಇಷ್ಟ. ಬಿರುಕಿನ ಸವಲತ್ತು ಏನೂ ಇಲ್ಲದ ಸಾಫ್ಟ್‌ವೇರಿನಲ್ಲೂ ನಡೆಯುತ್ತದೆ. ಅರೆ ಉದ್ದ 10 ಮಿ.ಮೀ. ಇಟ್ಟು ಒಮ್ಮೆ ಓಡಿಸಿ, 10.5 ಇಟ್ಟು ಇನ್ನೊಮ್ಮೆ ಓಡಿಸಿ, ಲೋಡು ಬದಲಿಸಬೇಡಿ. ಒಟ್ಟು ಸ್ಟ್ರೇನ್ ಎನರ್ಜಿ ಎಷ್ಟು ಏರಿತು ನೋಡಿ, ಅದನ್ನು ಹೊಸದಾಗಿ ತೆರೆದ ಬಿರುಕಿನ ಏರಿಯಾದಿಂದ ಭಾಗಿಸಿದರೆ ಜಿ (ಬಿರುಕು ಬೆಳೆಯಲು ಸಿಗುವ ಎನರ್ಜಿ) ಸಿಗುತ್ತದೆ. ತೆಳು ಪ್ಲೇಟಿಗೆ ಜಿ ಮತ್ತು ಯಂಗ್ಸ್ ಮಾಡ್ಯುಲಸ್ (ಸ್ಟೀಲಿನ ಬಿಗಿತದ ನಂಬರು) ಗುಣಿಸಿ ವರ್ಗಮೂಲ ತೆಗೆದರೆ ಕೆ. ಕಾಲು ಮಾಡೆಲ್ ಹಾಕಿದ್ದರೆ ಆ ಜಿಯನ್ನು ಎರಡರಿಂದ ಗುಣಿಸಬೇಕು: ಪೂರ್ತಿ ಪ್ಲೇಟಿನ ಎನರ್ಜಿ ನಾಲ್ಕು ಪಟ್ಟು, ಬಿರುಕಿನ ತುದಿ ಎರಡು. ನಮ್ಮ ಉದಾಹರಣೆಗೆ 11ರ ಆಸುಪಾಸು ಬಂದರೆ ಕೆಲಸ ಸರಿ. ತೊಂದರೆ ಏನಂದರೆ ಎಳೆತ, ಶಿಯರ್ ಎರಡೂ ಬೆರೆತಿದ್ದಾಗ ಇದು ಎರಡನ್ನೂ ಬಿಡಿಸಿ ಹೇಳುವುದಿಲ್ಲ.

ಯೀಲ್ಡ್ ಆಗುವ ಜಾಗ ಎಷ್ಟು ಅಂತಲೂ ಒಮ್ಮೆ ನೋಡಿಕೊಳ್ಳಿ. ಕೆಯನ್ನು ಯೀಲ್ಡಿನಿಂದ ಭಾಗಿಸಿ, ವರ್ಗ ಮಾಡಿ, ಪೈನಿಂದ ಭಾಗಿಸಿ. ಇಲ್ಲಿ ಬರುವುದು ಸುಮಾರು 0.6 ಮಿ.ಮೀ. ಬಿರುಕಿನ ಅರೆ ಉದ್ದ 10 ಮಿ.ಮೀ. ಎದುರು ಇದು ಸಣ್ಣದು, ಹಾಗಾಗಿ ಈ ಲೆಕ್ಕ ನಡೆಯುತ್ತದೆ. ಇದು ದೊಡ್ಡದಾದರೆ ಕೆ ಬಿಟ್ಟು ಪ್ಲಾಸ್ಟಿಕ್ ಅನಾಲಿಸಿಸ್‌ಗೆ ಹೋಗಬೇಕು, ಅದು ಬೇರೆಯದೇ ಖರ್ಚು.

ಎಕ್ಸ್‌ಎಫ್‌ಇಎಂ ಮತ್ತು ಬಿಇಎಂ

ಬಿರುಕು ಬೆಳೆಯುತ್ತಾ ದಿಕ್ಕು ಬದಲಿಸುತ್ತದೆ, ಪಕ್ಕದ ತೂತಿನ ಕಡೆ ತಿರುಗುತ್ತದೆ ಅನ್ನುವಂಥ ಕೇಸಿನಲ್ಲಿ ಪ್ರತಿ ಹೆಜ್ಜೆಗೂ ಮೆಶ್ ಮತ್ತೆ ಮಾಡುವುದು ತಲೆನೋವು. 1999ರಲ್ಲಿ ಬೆಲಿಚ್ಕೊ ಮತ್ತು ಜೊತೆಗಾರರು ತಂದ ಎಕ್ಸ್‌ಎಫ್‌ಇಎಂನಲ್ಲಿ (ಎಕ್ಸ್‌ಟೆಂಡೆಡ್ ಎಫ್‌ಇಎಂ) ಬಿರುಕು ಎಲಿಮೆಂಟಿನ ನಡುವೆಯೇ ಹಾದುಹೋಗಬಹುದು, ಮೆಶ್ ಮುಟ್ಟಬೇಕಿಲ್ಲ. ಅಬಾಕಸ್‌ನಲ್ಲಿ ಇದು ಸಿಗುತ್ತದೆ. ಆದರೆ ನಿಂತಲ್ಲೇ ನಿಂತ ಬಿರುಕಿಗೆ ಇದನ್ನು ಹಚ್ಚುವುದರಲ್ಲಿ ಲಾಭ ಕಡಿಮೆ. ಸೆಟ್ಟಿಂಗ್ಸ್ ಜಾಸ್ತಿ, ಉತ್ತರ ತಪ್ಪಿದರೆ ಎಲ್ಲಿ ತಪ್ಪಿತು ಅಂತ ಹುಡುಕುವುದು ಕಷ್ಟ. "ಎಕ್ಸ್‌ಎಫ್‌ಇಎಂ ಮಾಡಿದ್ದೀನಿ" ಅನ್ನೋದು ವೈವಾದಲ್ಲಿ ಕೇಳಲು ಚಂದ, ಆದರೆ ಮುಂದಿನ ಪ್ರಶ್ನೆ "ಎನ್‌ರಿಚ್‌ಮೆಂಟ್ ಅಂದರೇನು" ಅಂತಲೇ ಬರುತ್ತದೆ, ನೆನಪಿರಲಿ.

ಬಿಇಎಂ, ಅಂದರೆ ಬೌಂಡರಿ ಎಲಿಮೆಂಟ್, ಅಂಚನ್ನು ಮಾತ್ರ ಮೆಶ್ ಮಾಡುತ್ತದೆ. ತೂತಿನ ಲೆಕ್ಕಕ್ಕೆ ಹೇಳಿ ಮಾಡಿಸಿದ್ದು, ಅನಂತ ಪ್ಲೇಟನ್ನೂ ಸಲೀಸಾಗಿ ಹಿಡಿಯುತ್ತದೆ. ಬಿರುಕಿಗೆ ಬಂದಾಗ ಎರಡು ಮುಖ ಒಂದರ ಮೇಲೊಂದು ಕೂರುವುದರಿಂದ ಸಾದಾ ಬಿಇಎಂ ಸೋಲುತ್ತದೆ, ಡ್ಯುಯಲ್ ಬಿಇಎಂ ಬೇಕು. ತಯಾರಿ ಸಾಫ್ಟ್‌ವೇರ್ ಕಡಿಮೆ, ಕೇಳಿದರೆ ಹೇಳಿಕೊಡುವವರು ಇನ್ನೂ ಕಡಿಮೆ. ಸ್ವಂತ ಕೋಡ್ ಬರೆಯುವ ಹುಮ್ಮಸ್ಸಿನ ರಿಸರ್ಚ್ ಹುಡುಗರು ಬಿಟ್ಟರೆ ಉಳಿದವರಿಗೆ ಬೇಡ.

ದುಡ್ಡಿನ ಮಾತು

ಕಮರ್ಷಿಯಲ್ ಲೈಸೆನ್ಸ್ ಅಂದರೆ ಲಕ್ಷಗಳ ಮಾತು, ಸಣ್ಣ ವರ್ಕ್‌ಶಾಪಿಗೆ ಆಗದ ಮಾತು. ವಿದ್ಯಾರ್ಥಿಗಳಿಗೆ ಅನ್ಸಿಸ್, ಅಬಾಕಸ್ ಎರಡಕ್ಕೂ ಉಚಿತ ಆವೃತ್ತಿ ಇದೆ, ಆದರೆ ಮಾಡೆಲ್ ಸೈಜಿಗೆ ಮಿತಿ ಇರುತ್ತದೆ. ಕಾಲು ಪ್ಲೇಟಿನ ಎರಡು ಆಯಾಮದ ಮಾಡೆಲ್‌ಗೆ ಅನ್ಸಿಸ್‌ನ ಮಿತಿ ಧಾರಾಳ. ಅಬಾಕಸ್‌ನದು ಬಿಗಿ, ಲೆಕ್ಕ ಹಾಕಿ ಮೆಶ್ ಇಡಬೇಕು. ಮತ್ತೆ, ಉಚಿತ ಆವೃತ್ತಿಯಲ್ಲಿ ಗಿರಾಕಿಯ ಕೆಲಸ ಮಾಡಿ ಬಿಲ್ ಹಾಕುವಂತಿಲ್ಲ.

ಪೂರ್ತಿ ಫ್ರೀ ಬೇಕೆಂದರೆ ಫ್ರೀಕ್ಯಾಡ್. ಒಳಗೆ ಕ್ಯಾಲ್ಕ್ಯುಲಿಕ್ಸ್ ಸಾಲ್ವರ್ ಇದೆ, ಸಾದಾ ಲ್ಯಾಪ್‌ಟಾಪ್ ಸಾಕು, ವ್ಯಾಪಾರಕ್ಕೂ ಬಳಸಬಹುದು. ಕ್ಯಾಲ್ಕ್ಯುಲಿಕ್ಸ್‌ನ ಇನ್‌ಪುಟ್ ಫೈಲು ಅಬಾಕಸ್‌ನ ಹಾಗೇ ಇರುವುದರಿಂದ ಇಲ್ಲಿ ಕಲಿತದ್ದು ಮುಂದೆ ಕಂಪನಿಯಲ್ಲೂ ಉಪಯೋಗಕ್ಕೆ ಬರುತ್ತದೆ. ತೂತಿಗೆ ಇದು ಸಾಕೋ ಸಾಕು, ಬಿರುಕಿಗೆ ಮೇಲೆ ಹೇಳಿದ ಎನರ್ಜಿ ದಾರಿ ಹಿಡಿಯಿರಿ. ಬಿರುಕಿನ ಸವಲತ್ತು ಫ್ರೀಯಾಗಿ ಬೇಕೆಂದರೆ ಫ್ರಾನ್ಸಿನ ವಿದ್ಯುತ್ ಕಂಪನಿ ಇಡಿಎಫ್‌ನ ಕೋಡ್-ಆಸ್ಟರ್ ಇದೆ. ಶಕ್ತಿ ಬಹಳ, ಆದರೆ ಕಲಿಯಲು ತಾಳ್ಮೆ ಬೇಕು, ಕೆಲವು ಕಡೆ ಫ್ರೆಂಚ್ ಪದಗಳು ಎದುರಾಗುತ್ತವೆ.

ಹಾಗಾದರೆ ಯಾರಿಗೆ ಯಾವುದು?

ಬಿಇ ಕೊನೆಯ ವರ್ಷದವರು, ಧಾರವಾಡದಲ್ಲಿರಿ, ಗದಗಿನಲ್ಲಿರಿ: ಕಿರ್ಶ್ ಕೈಲೆಕ್ಕ, ಕಾಲು ಮಾಡೆಲ್, ಮೆಶ್ ಸಣ್ಣ ಮಾಡಿದ ಗ್ರಾಫ್, ಅದರ ಪಕ್ಕ ಬಿರುಕಿಗೆ ಜೆ-ಇಂಟಿಗ್ರಲ್. ಅನ್ಸಿಸ್ ವಿದ್ಯಾರ್ಥಿ ಆವೃತ್ತಿ ಸಾಕು. ತೂತಿನ ಸ್ಟ್ರೆಸ್ ನಿಲ್ಲುವುದು, ಬಿರುಕಿನ ಸ್ಟ್ರೆಸ್ ಓಡುವುದು, ಕೆ ಮಾತ್ರ ನಿಲ್ಲುವುದು, ಈ ಮೂರು ಗೆರೆ ಒಂದೇ ಗ್ರಾಫಿನಲ್ಲಿ ತೋರಿಸಿದರೆ ಎಕ್ಸಾಮಿನರ್‌ಗೆ ಬೇರೆ ಏನೂ ಬೇಡ.

ಎಂಟೆಕ್, ಪಿಎಚ್‌ಡಿಯವರು: ಬಿರುಕು ಬೆಳೆಯುವ ದಾರಿಯೇ ನಿಮ್ಮ ವಿಷಯವಾಗಿದ್ದರೆ ಎಕ್ಸ್‌ಎಫ್‌ಇಎಂ, ಇಲ್ಲವಾದರೆ ಕ್ವಾರ್ಟರ್ ಪಾಯಿಂಟ್ ಮೆಶ್‌ನಲ್ಲೇ ಇರಿ. ಫೇಸ್ ಫೀಲ್ಡ್ (ಬಿರುಕನ್ನು ಗೆರೆಯ ಬದಲು ಮಸುಕು ಪಟ್ಟಿಯಾಗಿ ಹಿಡಿಯುವುದು) ಮುಂತಾದ ಹೊಸ ವಿಧಾನಗಳಿಗೆ ಬಹಳ ಸಣ್ಣ ಮೆಶ್ ಬೇಕು, ಒಳ್ಳೆಯ ಕಂಪ್ಯೂಟರ್ ಕೈಗೆ ಬಂದ ಮೇಲೆ ನೋಡಿದರಾಯಿತು.

ಹೊಸ ಬ್ರಾಕೆಟ್ ಡಿಸೈನ್ ಮಾಡುವ ವರ್ಕ್‌ಶಾಪಿನವರು: ಮೊದಲು ಕೈಲೆಕ್ಕ. ಯೀಲ್ಡಿನ ಅರ್ಧಕ್ಕಿಂತ ಕೆಳಗೆ ಬಂದು, ಲೋಡೂ ಜಾಸ್ತಿ ಕುಲುಕದಿದ್ದರೆ ಅಲ್ಲಿಗೆ ಬಿಡಿ. ಮೇಲೆ ಬಂದರೆ, ಅಥವಾ ಬೋಲ್ಟ್ ತೂತಾಗಿದ್ದರೆ ಫ್ರೀಕ್ಯಾಡ್.

ಟ್ರೇಲರ್ ಬಿರುಕಿನವರಿಗೆ ಇನ್ನೊಂದು ದಾರಿ ಇದೆ, ವೆಲ್ಡರ್‌ಗಳು ಮೊದಲಿನಿಂದಲೂ ಮಾಡುವುದು: ಬಿರುಕಿನ ತುದಿಗೆ ಡ್ರಿಲ್ ಹಾಕುವುದು. ಬಿರುಕಿನ ಪ್ರಶ್ನೆ ಆಗ ತೂತಿನ ಪ್ರಶ್ನೆಯಾಗಿ ಬದಲಾಗುತ್ತದೆ, ಕೈಲೆಕ್ಕಕ್ಕೂ ಬರುತ್ತದೆ. ನಮ್ಮ 20 ಮಿ.ಮೀ. ಬಿರುಕಿನ ಎರಡೂ ತುದಿಗೆ 6 ಮಿ.ಮೀ. ಡ್ರಿಲ್ ಹಾಕಿದರೆ ಅರೆ ಉದ್ದ 13, ತುದಿಯ ರೇಡಿಯಸ್ 3. ಇಂಗ್ಲಿಸ್ ಪ್ರಕಾರ 5.2 ಪಟ್ಟು, ಅಂದರೆ 310 ಎಂಪಿಎ. ಯೀಲ್ಡ್ ದಾಟಿತು. 12 ಮಿ.ಮೀ. ಹಾಕಿದರೆ 4.3 ಪಟ್ಟು, 256ರ ಹತ್ತಿರ. ಅದೂ ಯೀಲ್ಡಿನ ಗಡಿಯಲ್ಲೇ ಇದೆ. ಸಣ್ಣ ಡ್ರಿಲ್ ಹಾಕಿ ಸಮಾಧಾನ ಪಡುವುದಕ್ಕಿಂತ ದೊಡ್ಡದು ಹಾಕುವುದು ಮೇಲು, ಆದರೆ ಎರಡೂ ಕುಲುಕುವ ಲೋಡಿಗೆ ತಾತ್ಕಾಲಿಕ. ಡ್ರಿಲ್ ಹಾಕುವ ಮೊದಲು ಡೈ ಪೆನೆಟ್ರೆಂಟ್ (ಬಿರುಕಿಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರವ) ಹಚ್ಚಿ ನಿಜವಾದ ತುದಿ ಎಲ್ಲಿದೆ ನೋಡಿ. ಕಣ್ಣಿಗೆ ಕಂಡ ತುದಿಯಿಂದ ಅದು ಮುಂದೆ ಇರುವುದೇ ಜಾಸ್ತಿ. ಡ್ರಿಲ್ ಹಿಂದೆ ಬಿದ್ದು ಒಂದು ಮಿ.ಮೀ. ಬಿರುಕು ಆಚೆ ಉಳಿದರೆ ಮತ್ತೆ ಬೋವಿ ಲೆಕ್ಕಕ್ಕೆ ಬಂದಿರಿ ಅಂತ ಅರ್ಥ. ಹಿಚ್ ಪ್ಲೇಟಿನಂಥ ಜಾಗದಲ್ಲಿ, ಹಿಂದೆ ಲೋಡ್ ತುಂಬಿದ ಟ್ರೇಲರ್ ಇರುವಾಗ, ನನ್ನ ಸಲಹೆ ಕೇಳಿದರೆ ಡ್ರಿಲ್ಲೂ ಬೇಡ, ಲೆಕ್ಕವೂ ಬೇಡ: 10 ಮಿ.ಮೀ. ಪ್ಲೇಟು ಕತ್ತರಿಸಿ ಹೊಸದು ಹಾಕಿ, ಹಾಕುವಾಗ ತೂತಿನ ಅಂಚನ್ನು ಗ್ಯಾಸ್ ಕಟ್ ಹಾಗೇ ಬಿಡದೆ ಡ್ರಿಲ್ ಮಾಡಿ ನುಣ್ಣಗೆ ಮಾಡಿಸಿ.